ಪುರಸೈವಾಕ್ಕಂ, ಜಿಪ್ಸಿ ಮತ್ತು ಎರಡು ಇಂಚು

ಪುರಸೈವಾಕ್ಕಂ ಎಂದು ಪೂರ್ತಿ ಹೇಳುವ ಪುರಸೊತ್ತು ಇಲ್ಲಿಯವರಿಗೇ ಇಲ್ಲ. 'ಪುರಸೈ' ಎಂದು ಮುಗಿಸಿಬಿಡುತ್ತಾರೆ. ಎಗ್ಮೋರ್ ರೈಲು ನಿಲ್ದಾಣದಿಂದ ವೇಪೇರಿಯ ಮೇಲೆ ಬಂದರೆ ಡವ್ಟನ್, ಅಲ್ಲಿಂದ ಮುಂದಕ್ಕೆ ಪುರಸೈವಾಕ್ಕಂ ಹೈರೋಡು, ಅದರ ಎರಡೂ ಬದಿಗೆ ರೇಷ್ಮೆ, ಪಾತ್ರೆ, ಚಿನ್ನದ ಅಂಗಡಿಗಳು. ದೀಪಾವಳಿಯ ಹಿಂದಿನ ವಾರ ಈ ರಸ್ತೆಯಲ್ಲಿ ನಡೆಯುವುದೆಂದರೆ ನಮ್ಮ ಚಿಕ್ಕಪೇಟೆಯಲ್ಲಿ ನಡೆದಂತೆಯೇ. ಜನರೇ ನಿಮ್ಮನ್ನು ಹೊತ್ತುಕೊಂಡು ಹೋಗುತ್ತಾರೆ. ಈಗ ಮೆಟ್ರೋದ ಎರಡನೆಯ ಹಂತದ ಸುರಂಗದ ಕೆಲಸವೂ ಸೇರಿಕೊಂಡು ಎಲ್ಲೆಂದರಲ್ಲಿ ತಗಡಿನ ಬೇಲಿ.

ಊರು ಹಳೆಯದು. 1693ರಲ್ಲಿ ಎಗ್ಮೋರ್, ತೊಂಡಿಯಾರ್‌ಪೇಟೆಗಳ ಜೊತೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಹಳ್ಳಿಗಳಲ್ಲಿ ಇದೂ ಒಂದು. ಹೆಸರು ಪುರಸು ಮರದಿಂದ ಬಂದದ್ದು ಎನ್ನುತ್ತಾರೆ. ಇಲ್ಲಿನ ಗಂಗಾಧರೇಶ್ವರ ದೇವಸ್ಥಾನದ ಸ್ಥಳವೃಕ್ಷವೂ ಅದೇ. ಪುರಸು ಎಂದರೆ ಯಾವ ಮರವೋ ಎಂದು ಮೊದಲ ವರ್ಷ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ನಮ್ಮ ಮುತ್ತುಗ. ಮೂಡಿಗೆರೆಯ ಕಡೆ ಮನೆಯಲ್ಲಿ ಸಮಾರಂಭವಾದರೆ ಮುತ್ತುಗದ ಎಲೆಯಲ್ಲಿ ಉಂಡು ಬೆಳೆದ ನಾನು ಮುತ್ತುಗದ ಹೆಸರಿನ ಬಡಾವಣೆಗೇ ಬಂದು ಸೇರಿದ್ದೇನೆ. ಹನ್ನೊಂದು ವರ್ಷವಾಯಿತು.

ಈ ಬಡಾವಣೆಯ ಹಳೆಯ ಬೀದಿಗಳಲ್ಲಿ ನಡೆಯುವಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಬಹಳಷ್ಟು ಮನೆಗಳ ಹೊಸ್ತಿಲು ರಸ್ತೆಗಿಂತ ಕೆಳಗಿದೆ. ಮನೆ ಕಟ್ಟಿದಾಗ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದವರು ಈಗ ಎರಡು ಮೆಟ್ಟಿಲು ಇಳಿದು ಹೋಗುತ್ತಾರೆ. ಮನೆ ಕುಸಿದಿಲ್ಲ, ರಸ್ತೆ ಎದ್ದಿದೆ. ಹಳೆಯ ಡಾಂಬರನ್ನು ಕೆರೆಯದೆ ಅದರ ಮೇಲೆಯೇ ಹೊಸದನ್ನು ಹಾಕುತ್ತ ಹೋದರೆ ಪ್ರತಿ ಸಲವೂ ಒಂದಿಷ್ಟು ಇಂಚು ಏರುತ್ತದೆ. ಹಾಗೆ ಮಾಡಕೂಡದು, ಹಳೆಯ ಪದರವನ್ನು ಕೆರೆದು ತೆಗೆದೇ ಹೊಸದು ಹಾಕಬೇಕು ಎಂದು ತಮಿಳುನಾಡು ಸರ್ಕಾರ 2021ರಲ್ಲಿ ಸೂಚನೆ ಕೊಟ್ಟಿತು. ಅಷ್ಟರಲ್ಲಿ ಅನೇಕ ಬೀದಿಗಳು ಏರಬೇಕಾದಷ್ಟು ಏರಿಯಾಗಿತ್ತು. ಮಳೆ ಬಂದರೆ ನೀರು ರಸ್ತೆಯಿಂದ ಮನೆಗೆ ಇಳಿಯುತ್ತದೆ.

ಅದಕ್ಕೆ ಚೆನ್ನೈಯವರು ಕಂಡುಕೊಂಡ ಉಪಾಯ ಮನೆಯನ್ನೇ ಎತ್ತುವುದು. ತಮಾಷೆಯಲ್ಲ. ಲಾರಿಯ ಚಕ್ರ ಬಿಚ್ಚುವಾಗ ಇಡುತ್ತಾರಲ್ಲ, ಅಂಥ ಜಾಕುಗಳನ್ನು ಗೋಡೆಯ ಬುಡದಲ್ಲಿ ಒಂದೊಂದೇ ಕಿಂಡಿ ಕೊರೆದು ಸಾಲಾಗಿ ಕೂರಿಸುತ್ತಾರೆ. ಎಲ್ಲ ಕೂತ ಮೇಲೆ ಕೆಲಸಗಾರರು ಒಟ್ಟಿಗೆ ಒಂದೊಂದು ಸುತ್ತು ತಿರುಗಿಸುತ್ತ ಹೋಗುತ್ತಾರೆ. ಇಡೀ ಮನೆ ಕೂದಲೆಳೆಯಷ್ಟು, ಕೂದಲೆಳೆಯಷ್ಟು ಮೇಲೆ ಬರುತ್ತದೆ. ನಮ್ಮ ಬೀದಿಯಲ್ಲಿ ಎದುರು ಸಾಲಿನ ತಾತನ ಮನೆಯನ್ನು ಹೀಗೆ ಮೂರೂವರೆ ಅಡಿ ಎತ್ತಿದರು. ಆಫೀಸಿನ ಕಾಲ್‌ಗಳ ನಡುವೆ ಬಾಲ್ಕನಿಗೆ ಬಂದು ನೋಡುವುದೇ ನನ್ನ ಕೆಲಸವಾಗಿತ್ತು. ಎತ್ತುವ ಕೆಲಸ ಅಂದುಕೊಂಡ ಹೊತ್ತಿಗೆ ಮುಗಿಯಿತು. ಆಮೇಲಿನದು ತಿಂಗಳುಗಟ್ಟಲೆ ಎಳೆಯಿತು. ಒಳಚರಂಡಿಯ ಪೈಪು ಬೀದಿಯಲ್ಲಿ ಹಳೆಯ ಮಟ್ಟದಲ್ಲೇ ಇದೆ, ಬಚ್ಚಲು ಮೂರೂವರೆ ಅಡಿ ಮೇಲೆ ಹೋಗಿದೆ. ನೀರಿನ ಸಂಪು ಕೆಳಗೆ, ಮೋಟರಿನ ಪೈಪು ಮೇಲೆ. ಕರೆಂಟಿನ ಸರ್ವಿಸ್ ವೈರು ಗಿಡ್ಡ. ಎತ್ತಿದ್ದಕ್ಕೂ ಎತ್ತದೆ ಉಳಿದದ್ದಕ್ಕೂ ನಡುವೆ ಏನೇನು ಹಾದುಹೋಗಿತ್ತೋ ಅದೆಲ್ಲ ಒಂದೊಂದಾಗಿ ತಕರಾರು ಎತ್ತಿತು.

ಇದನ್ನೆಲ್ಲ ಹೇಳಲು ಕಾರಣ ನಮ್ಮ ಮನೆಯ ಜಿಪ್ಸಿ.

2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಬಂದಾಗ ನಮ್ಮ ಬೀದಿಯಲ್ಲಿ ತೊಡೆಮಟ್ಟ ನೀರು. ಕೆಳಗೆ ನಿಲ್ಲಿಸಿದ್ದ ನಮ್ಮ ಕಾರು ಸೀಟಿನವರೆಗೆ ಮುಳುಗಿ ಎರಡು ದಿನ ನಿಂತಿತು. ವಿಮೆಯ ವ್ಯವಹಾರ ಮುಗಿಸಿ ಅದನ್ನು ಸಾಗಹಾಕಿದ್ದಾಯಿತು. ಅದೇ ಹೊತ್ತಿಗೆ ಊರಿನಲ್ಲಿ ಅಪ್ಪನಿಗೆ ಮಂಡಿ ನೋವು ಜಾಸ್ತಿಯಾಗಿ ಕ್ಲಚ್ ಒತ್ತುವುದು ಕಷ್ಟವಾಗಿತ್ತು. "ಶೆಡ್ಡಲ್ಲಿ ನಿಂತು ಇಲಿ ವೈರ್ ಕಡಿತಾ ಇದೆ ಮಾರಾಯ, ನೀನೇ ತಗೊಂಡು ಹೋಗು" ಎಂದರು. ಹಾಗೆ ಮಾರುತಿ ಜಿಪ್ಸಿ ಮೂಡಿಗೆರೆಯಿಂದ ಬೇಲೂರು, ಹಾಸನ, ಬೆಂಗಳೂರು, ಕೃಷ್ಣಗಿರಿಯ ಮೇಲೆ ಪುರಸೈವಾಕ್ಕಂಗೆ ಬಂದು ನಿಂತಿತು. ವರ್ಷಕ್ಕೆ ಮೂರು ಸಲ ಅದೇ ದಾರಿಯಲ್ಲಿ ಹೆಂಡತಿ, ಮಗಳೊಂದಿಗೆ ಊರಿಗೆ ಹೋಗಿಬರುವುದು. ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರು, ಊರು ತಲುಪಿದ ಮೇಲೆ ತೋಟದ ಕೆಸರು.

ಜಿಪ್ಸಿ ಇಟ್ಟುಕೊಂಡವರಿಗೆ ಸಲಹೆ ಕೊಡುವವರು ಬಹಳ. ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ, ಊರಿನ ಗೆಳೆಯರ ಗುಂಪಿನಲ್ಲಿ ಎಲ್ಲರದೂ ಒಂದೇ ಮಾತು: "ನಾಲ್ಕು ಇಂಚು ಲಿಫ್ಟ್ ಮಾಡಿಸು. ಮಳೆ ಬಂದರೂ ಚಿಂತೆ ಇಲ್ಲ, ನೋಡೋಕೂ ಗತ್ತು." ಗತ್ತಿನ ಆಸೆ ನನಗೂ ಇತ್ತು. ಎಪ್ಪತ್ತರ ಅಪ್ಪ ಮಾತ್ರ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ಎತ್ತಿದ ಮೇಲೆ ಅದರ ಶಾಫ್ಟು ಎಟುಕ್ತದಾ?"

ಈ ಪ್ರಶ್ನೆ ಹಿಡಿದುಕೊಂಡು ಹೈರೋಡಿನ ಹಿಂದಿನ ಗಲ್ಲಿಯೊಂದರ ಗ್ಯಾರೇಜಿಗೆ ಹೋದೆ. ಎರಡು ಗಾಡಿ ಹಿಡಿಸುವಷ್ಟು ಜಾಗ, ಒಂದು ಗುಂಡಿ, ಗೋಡೆಯ ಮೇಲೆ ಮುರುಗನ ಕ್ಯಾಲೆಂಡರ್. ಮೇಸ್ತ್ರಿಗೆ ಅರವತ್ತರ ಹತ್ತಿರ. ಅಂಬಾಸಿಡರ್, ಮೆಟಡೋರ್ ಕಾಲದಿಂದ ಕೈ ಕರಿ ಮಾಡಿಕೊಂಡವರು. ನನ್ನ ತಮಿಳು ಕೇಳಿ ನಕ್ಕು ಗುಂಡಿಗೆ ಇಳಿದರು, ನನ್ನನ್ನೂ ಕರೆದರು. ಟಾರ್ಚ್ ಬಿಟ್ಟು ತೋರಿಸುತ್ತ ಅವರು ಹೇಳಿದ ಮೊದಲ ಮಾತು ಇದು: "ತೂಕ್ಕರದು ಸುಲಭಂ ಸಾರ್, ಸೇಕ್ಕರದು ದಾನ್ ಕಷ್ಟಂ." ಎತ್ತುವುದು ಸುಲಭ, ಕೂಡಿಸುವುದೇ ಕಷ್ಟ.

ಜಿಪ್ಸಿಯ ಹೊಟ್ಟೆಯ ಕೆಳಗೆ ನಿಂತು ನೋಡಿದರೆ ವಿಷಯ ಬೇಗ ತಲೆಗೆ ಹೋಗುತ್ತದೆ. ಎಂಜಿನ್, ಗೇರ್‌ಬಾಕ್ಸ್ ಎರಡೂ ಚಾಸಿಗೆ ಕೂತಿವೆ. ಗೇರ್‌ಬಾಕ್ಸಿನ ಹಿಂದೆ ಒಂದು ಗಿಡ್ಡ ಶಾಫ್ಟ್, ಅದರಾಚೆ ಟ್ರಾನ್ಸ್‌ಫರ್ ಕೇಸ್, ಅಂದರೆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ. ಇದೂ ಚಾಸಿಗೇ ಕೂತದ್ದು. ಅಲ್ಲಿಂದ ಒಂದು ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಆಕ್ಸಲಿಗೆ, ಇನ್ನೊಂದು ಮುಂದಿನ ಆಕ್ಸಲಿಗೆ. ಆಕ್ಸಲ್‌ಗಳು ಮಾತ್ರ ಚಾಸಿಗೆ ನೇರವಾಗಿ ಕೂತಿಲ್ಲ. ಬ್ಲೇಡ್ ಎಂದು ಮೆಕ್ಯಾನಿಕ್‌ಗಳು ಕರೆಯುವ ಲೀಫ್ ಸ್ಪ್ರಿಂಗಿನ ಮೂಲಕ ಚಕ್ರದ ಜೊತೆ ಮೇಲೆ ಕೆಳಗೆ ಆಡುತ್ತಿರುತ್ತವೆ. ಹೀಗಾಗಿ ಗಾಡಿ ಎತ್ತಿದರೆ ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವಿನ ಗಿಡ್ಡ ಶಾಫ್ಟಿಗೆ ಏನೂ ಆಗುವುದಿಲ್ಲ. ಅದರ ಎರಡೂ ತುದಿ ಒಟ್ಟಿಗೆ ಮೇಲೆ ಹೋಗುತ್ತವೆ. ಉಳಿದೆರಡು ಶಾಫ್ಟುಗಳ ಒಂದು ತುದಿ ಏರುತ್ತದೆ, ಇನ್ನೊಂದು ತುದಿ ಇದ್ದಲ್ಲೇ ಇರುತ್ತದೆ. ತಾತನ ಮನೆಯ ಒಳಚರಂಡಿ ಪೈಪಿನ ಕಥೆಯೇ. ಪೈಪಾದರೂ ಸುಮ್ಮನೆ ನಿಂತಿರುತ್ತದೆ. ಇದು ತಿರುಗುತ್ತದೆ, ಅದೂ ಎಷ್ಟು ವೇಗದಲ್ಲಿ! ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು ನಾಲ್ಕೈದು ಸುತ್ತು ಬಂದಿರುತ್ತದೆ. 80ರ ವೇಗದಲ್ಲಿ ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು ಎರಡೂವರೆ, ಮೂರು ಸಾವಿರ ಸುತ್ತು.

ಓರೆಯಾಗಿ ಕೂತ ಶಾಫ್ಟು ತಿರುಗಲು ಅದರ ಎರಡು ತುದಿಯಲ್ಲಿ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ 'ಕ್ರಾಸ್' ಎನ್ನುತ್ತಾರೆ, ಒಳಗಿರುವುದು ಕೂಡುಚಿಹ್ನೆಯ ಆಕಾರದ ಕಬ್ಬಿಣವಾದ್ದರಿಂದ. ಹದಿನಾರನೆಯ ಶತಮಾನದ ಇಟಲಿಯ ಕಾರ್ಡಾನೊ, ಹದಿನೇಳನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇಬ್ಬರ ಹೆಸರೂ ಇದಕ್ಕೆ ಅಂಟಿಕೊಂಡಿವೆ. ಹಳೆಯ, ಗಟ್ಟಿಮುಟ್ಟಾದ ಉಪಾಯ. ಆದರೆ ಒಂದು ಗುಣ ಇದೆ. ಕೋನದಲ್ಲಿ ಕೂತಾಗ ಒಂದು ಕಡೆ ಒಂದೇ ಸಮ ತಿರುಗಿದರೂ ಇನ್ನೊಂದು ಕಡೆ ಒಂದೇ ಸಮ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಕೋನ 5 ಡಿಗ್ರಿ ಇದ್ದರೆ ಈ ಏರಿಳಿತ ಶೇ. 0.4ರಷ್ಟು, ಗಮನಕ್ಕೇ ಬರುವುದಿಲ್ಲ. 10 ಡಿಗ್ರಿಗೆ ಶೇ. 1.5. 15 ಡಿಗ್ರಿಗೆ ಶೇ. 3.5. 20ಕ್ಕೆ ಹೋದರೆ ಶೇ. 6 ದಾಟುತ್ತದೆ. ಕೋನ ಎರಡರಷ್ಟಾದರೆ ತೊಂದರೆ ನಾಲ್ಕರಷ್ಟಾಗುತ್ತದೆ, ಇದೇ ಇಲ್ಲಿನ ಪೇಚು.

ಹಾಗಾದರೆ ಗಾಡಿಗಳು ಓಡುತ್ತಿರುವುದು ಹೇಗೆ? ಎರಡು ತುದಿಯಲ್ಲಿ ಎರಡು ಕ್ರಾಸ್ ಇರುವುದು ಇದಕ್ಕೇ. ಎರಡೂ ಕಡೆ ಕೋನ ಒಂದೇ ಆಗಿದ್ದು, ಎರಡರ ಕವಲುಗಳೂ ಒಂದೇ ಸಾಲಿನಲ್ಲಿ ಇದ್ದರೆ, ಮೊದಲನೆಯದು ಮಾಡಿದ ಏರಿಳಿತವನ್ನು ಎರಡನೆಯದು ಸರಿಯಾಗಿ ತೆಗೆದುಹಾಕುತ್ತದೆ. ಅಂದರೆ ಟ್ರಾನ್ಸ್‌ಫರ್ ಕೇಸಿನ ಮೂತಿಯೂ ಆಕ್ಸಲಿನ ಪಿನಿಯನ್ ಮೂತಿಯೂ ಒಂದಕ್ಕೊಂದು ಸಮಾನಾಂತರ ಇರಬೇಕು. ಕಂಪನಿಯವರು ಹಾಗೆ ಕೂರಿಸಿಯೇ ಕಳಿಸಿರುತ್ತಾರೆ. ಎತ್ತುವವರು ಕೆಡಿಸುವುದು ಇದನ್ನೇ. ಅಗ್ಗದ ದಾರಿ ಎಂದರೆ ಸ್ಪ್ರಿಂಗಿನ ತುದಿಯ ಶ್ಯಾಕಲ್ಲನ್ನು ಉದ್ದದ್ದಕ್ಕೆ ಬದಲಾಯಿಸುವುದು. ಒಂದು ತುದಿ ಮಾತ್ರ ತಗ್ಗಿದಾಗ ಸ್ಪ್ರಿಂಗ್ ಓರೆಯಾಗುತ್ತದೆ, ಅದರ ಮೇಲೆ ಕೂತ ಆಕ್ಸಲೂ ಇದ್ದ ಜಾಗದಲ್ಲೇ ಸ್ವಲ್ಪ ಹೊರಳುತ್ತದೆ, ಪಿನಿಯನ್ ಮೂತಿ ಮೇಲೆ ನೋಡುತ್ತದೆ. ಎರಡು ತುದಿಯ ಕೋನ ಬೇರೆ ಬೇರೆಯಾಯಿತು. 60ರ ವೇಗಕ್ಕೆ ನೆಲದಡಿಯಿಂದ ಗುಂಯ್ ಎಂಬ ಕಂಪನ ಶುರು. ಮುಂದಿನ ಆಕ್ಸಲಿಗೆ ಹೀಗೆ ಮಾಡಿದರೆ ಇನ್ನೂ ಒಂದು ತೊಂದರೆ: ಸ್ಟೇರಿಂಗಿನ ಕ್ಯಾಸ್ಟರ್ ಕೋನ ಕಡಿಮೆಯಾಗಿ ಗಾಡಿ ಹೆದ್ದಾರಿಯಲ್ಲಿ ಆಚೀಚೆ ಅಲೆಯತೊಡಗುತ್ತದೆ.

ಮನೆಗೆ ಬಂದು ಕಾಗದ ಪೆನ್ಸಿಲು ಹಿಡಿದು ಕೂತೆ. ಒಂದು ಶಾಫ್ಟು 60 ಸೆಂ.ಮೀ. ಉದ್ದ, ಈಗಾಗಲೇ 10 ಡಿಗ್ರಿ ಇಳಿಜಾರಿನಲ್ಲಿದೆ, ಎರಡು ತುದಿಯ ಮೂತಿಗಳೂ ನೆಲಕ್ಕೆ ಸಮನಾಗಿವೆ ಎಂದುಕೊಳ್ಳಿ. ಗಾಡಿಯನ್ನು ಎರಡು ಇಂಚು ಎತ್ತಿದರೆ ಕೋನ 14.7 ಡಿಗ್ರಿ ಆಗುತ್ತದೆ, ನಾಲ್ಕು ಇಂಚಿಗೆ 19 ದಾಟುತ್ತದೆ. ಅದೇ ಶಾಫ್ಟು 90 ಸೆಂ.ಮೀ. ಉದ್ದವಿದ್ದರೆ ಎರಡು ಇಂಚಿಗೆ 13 ಡಿಗ್ರಿ ಮಾತ್ರ. ಗಿಡ್ಡ ಶಾಫ್ಟಿಗೇ ಹೆಚ್ಚು ಶಿಕ್ಷೆ. ನಮ್ಮ ದೇಶದ ಜೀಪು, ಜಿಪ್ಸಿಗಳೆಲ್ಲ ಗಿಡ್ಡ ಗಾಡಿಗಳಾದ್ದರಿಂದ ಅಮೆರಿಕದ ಉದ್ದನೆಯ ಪಿಕಪ್ ಎತ್ತಿದವರ ವಿಡಿಯೋ ನೋಡಿ ನಾವು ಲೆಕ್ಕ ಹಾಕಿದರೆ ಕೂಡುವುದಿಲ್ಲ.

ಇನ್ನು ಅಪ್ಪನ ಪ್ರಶ್ನೆ, ಶಾಫ್ಟು ಎಟುಕುತ್ತದೆಯೇ ಎಂಬುದು. ಮೇಲಿನ ಲೆಕ್ಕದಲ್ಲೇ ಎರಡು ಇಂಚಿಗೆ ಎರಡು ತುದಿಯ ನಡುವಿನ ದೂರ 1.1 ಸೆಂ.ಮೀ. ಹೆಚ್ಚುತ್ತದೆ, ನಾಲ್ಕು ಇಂಚಿಗೆ 2.6 ಸೆಂ.ಮೀ. ಇದಕ್ಕಾಗಿ ಶಾಫ್ಟಿನಲ್ಲಿ ಹಲ್ಲು ಹಲ್ಲಿನ ಜಾರುವ ಕೂಡಿಕೆ ಇರುತ್ತದೆ, ಕೊಳಲಿನೊಳಗೆ ಕೊಳಲು ಇದ್ದಂತೆ. ಚಕ್ರ ಏರಿಳಿದಾಗ ಅದು ಒಳಗೆ ಹೊರಗೆ ಜಾರಿ ಉದ್ದ ಹೊಂದಿಸಿಕೊಳ್ಳುತ್ತದೆ. ಗಾಡಿ ಎತ್ತಿದರೆ ಈ ಜಾರಿಕೆಯ ಒಂದು ಪಾಲು ನಿಂತಲ್ಲೇ ಖರ್ಚಾಗಿಹೋಗುತ್ತದೆ. ಸಮತಟ್ಟಿನಲ್ಲಿ ನಿಂತಾಗ ಎಲ್ಲ ಸರಿ ಕಾಣುತ್ತದೆ. ತೋಟದ ಹಳ್ಳದಲ್ಲಿ ಒಂದು ಚಕ್ರ ಪೂರ್ತಿ ಜೋತುಬಿದ್ದಾಗ ಹಲ್ಲುಗಳಿಗೆ ಎಷ್ಟು ಹಿಡಿತ ಉಳಿದಿದೆ ಎಂಬುದು ಪ್ರಶ್ನೆ. ಹಿಡಿತ ಕಡಿಮೆಯಾದಷ್ಟು ಹಲ್ಲು ಸವೆಯುತ್ತದೆ, ಪೂರ್ತಿ ತಪ್ಪಿದರೆ ಶಾಫ್ಟು ಕಳಚಿ ಬೀಳುತ್ತದೆ. ತೋಟದಲ್ಲಿ ಬಿದ್ದರೆ ನಡೆದುಕೊಂಡು ಮನೆಗೆ ಹೋಗಬಹುದು. ಹೆದ್ದಾರಿಯಲ್ಲಿ ಓಡುವಾಗ ಶಾಫ್ಟಿನ ಮುಂದಿನ ತುದಿ ಕಳಚಿ ನೆಲಕ್ಕೆ ಚುಚ್ಚಿತೆಂದರೆ ಗಾಡಿಯನ್ನು ಹಿಂದಿನಿಂದ ಎತ್ತಿ ಬಿಸಾಡಬಲ್ಲದು. ಹಿಂದಿನ ಸೀಟಿನಲ್ಲಿ ಮಗಳು ಮಲಗಿರುತ್ತಾಳೆ. ನನಗೆ ಗತ್ತಿನ ವಿಚಾರ ಅಲ್ಲಿಗೆ ಮುಗಿಯಿತು.

ಆದರೂ ಸರಿಯಾಗಿ ಮಾಡುವ ದಾರಿ ಇಲ್ಲವೇ ಎಂದು ಒಂದು ಭಾನುವಾರ ಪುದುಪೇಟೆಗೆ ಹೋದೆ. ಎಗ್ಮೋರಿನ ಆಚೆ, ಕೂವಂ ನದಿಯ ದಂಡೆಗೆ ಇರುವ ಹಳೆಯ ಬಿಡಿಭಾಗಗಳ ಪೇಟೆ ಇದು. ಬೆಂಗಳೂರಿನವರು ಶಿವಾಜಿನಗರದ ಗುಜರಿ ಬೀದಿಗಳನ್ನು ನೆನೆಸಿಕೊಂಡರೆ ಅಂದಾಜು ಸಿಗುತ್ತದೆ. ಬಾಗಿಲುಗಳು ಒಂದು ಅಂಗಡಿಯಲ್ಲಿ, ಬರೀ ಸ್ಟೇರಿಂಗ್‌ಗಳು ಇನ್ನೊಂದರಲ್ಲಿ, ಕಬ್ಬಿನ ಜಲ್ಲೆಯ ಹಾಗೆ ಗೋಡೆಗೆ ಒರಗಿಸಿಟ್ಟ ಪ್ರೊಪೆಲ್ಲರ್ ಶಾಫ್ಟುಗಳು ಮತ್ತೊಂದರಲ್ಲಿ. ಅಂಗಡಿಯವರು ಹೇಳಿದ ದಾರಿಗಳು ಹಲವು. ಶಾಫ್ಟಿನ ಕೊಳವೆ ಕತ್ತರಿಸಿ ತುಂಡು ಸೇರಿಸಿ ಬೆಸುಗೆ ಹಾಕಿ ಉದ್ದ ಮಾಡುವುದು. ಟ್ರಾನ್ಸ್‌ಫರ್ ಕೇಸಿನ ಕೆಳಗೆ ಬಿಲ್ಲೆ ಇಟ್ಟು ಅದನ್ನು ಒಂದು ಇಂಚು ಇಳಿಸುವುದು. ಒಂದು ತುದಿಯಲ್ಲಿ ಜೋಡಿ ಕ್ರಾಸ್ ಇರುವ ಶಾಫ್ಟ್ ಹಾಕುವುದು.

ಮೂರನ್ನೂ ಮೇಸ್ತ್ರಿಯ ಮುಂದಿಟ್ಟೆ. ಬೆಸುಗೆ ಹಾಕಿದ ಶಾಫ್ಟನ್ನು ಯಂತ್ರದಲ್ಲಿ ತಿರುಗಿಸಿ ತೂಕ ಹೊಂದಿಸದಿದ್ದರೆ ಗಾಡಿಗೆ ಹಾಕುವುದೇ ಬೇಡ ಎಂದರು. ಬೆಸುಗೆಯಲ್ಲಿ ಎರಡು ಕವಲು ಸ್ವಲ್ಪ ತಿರುಚಿಕೊಂಡರೂ ಕಂಪನ ತಪ್ಪದು. ಟ್ರಾನ್ಸ್‌ಫರ್ ಕೇಸ್ ಇಳಿಸಿದರೆ ಉದ್ದದ ಶಾಫ್ಟುಗಳ ಕೋನ ಕಡಿಮೆಯಾಗುತ್ತದೆ, ನಿಜ. ಆದರೆ ಅಲ್ಲಿಯವರೆಗೆ ನೆಮ್ಮದಿಯಾಗಿದ್ದ ಗಿಡ್ಡ ಶಾಫ್ಟಿಗೆ ಕೋನ ಬರುತ್ತದೆ. ಜೋಡಿ ಕ್ರಾಸ್ ಒಳ್ಳೆಯದೇ, ಆದರೆ ಅದಕ್ಕೆ ಆಕ್ಸಲಿನ ಮೂತಿ ಸಮಾನಾಂತರ ಇದ್ದರೆ ಸಾಲದು, ನೇರವಾಗಿ ಶಾಫ್ಟಿನ ಕಡೆಗೇ ನೋಡುವಂತೆ ತಿರುಗಿಸಬೇಕು. ಅಂದರೆ ಸ್ಪ್ರಿಂಗ್ ಕೂರುವ ಪೀಠವನ್ನೇ ಕತ್ತರಿಸಿ ಬೇರೆ ಕೋನದಲ್ಲಿ ಬೆಸೆಯಬೇಕು. ಒಂದನ್ನು ಮುಟ್ಟಿದರೆ ಇನ್ನೊಂದು. ಸಾಫ್ಟ್‌ವೇರಿನವರಿಗೆ ಇದು ಹೊಸದಲ್ಲ. ಒಂದು ಸಾಲು ಬದಲಿಸಿದ್ದಕ್ಕೆ ಎಲ್ಲೋ ಇನ್ನೊಂದು ಮೂಲೆಯಲ್ಲಿ ಮುರಿಯುತ್ತದಲ್ಲ, ಹಾಗೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರ ಬಳಿ 2020ರಲ್ಲಿ ಬಂದ ಹೊಸ ಥಾರ್ ಇದೆ. "ನಿಮ್ಮದು ಹಳೆ ಕಾಲದ ಆಕ್ಸಲ್, ನಮ್ಮದಕ್ಕೆ ಈ ಗೋಳಿಲ್ಲ" ಎಂದರು. ಗೋಳು ಇದೆ, ಜಾಗ ಬೇರೆ. ಥಾರಿನ ಮುಂದಿನ ಎರಡು ಚಕ್ರಗಳು ಬೇರೆ ಬೇರೆಯಾಗಿ ಆಡುತ್ತವೆ. ಮುಂದಿನ ಡಿಫರೆನ್ಷಿಯಲ್ ಚಾಸಿಗೇ ಕೂತಿದೆ, ಅಲ್ಲಿಂದ ಚಕ್ರಕ್ಕೆ ಎರಡು ಗಿಡ್ಡ ಶಾಫ್ಟುಗಳು. ಎತ್ತಿದಾಗ ಕೋನ ಬದಲಾಗುವುದು ಇವುಗಳಲ್ಲಿ. ಇಲ್ಲಿರುವುದು ಸಿವಿ ಜಾಯಿಂಟ್, 1920ರ ದಶಕದಲ್ಲಿ ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ರ್ಜೆಪ್ಪ ಮಾಡಿದ ಗುಂಡುಗಳ ಕೂಡಿಕೆಯ ವಂಶದ್ದು. ಇದರಲ್ಲಿ ಕೋನವಿದ್ದರೂ ವೇಗ ಏರಿಳಿಯುವುದಿಲ್ಲ. ಆದರೆ ಕೋನ ಹೆಚ್ಚಿದಷ್ಟು ಒಳಗೆ ಬಿಸಿ, ಸವೆತ ಹೆಚ್ಚು. ಹೊರಗಿನ ರಬ್ಬರ್ ಚೀಲದ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಹರಿದ ಚೀಲದಿಂದ ಗ್ರೀಸು ಹೊರಗೆ, ಕೆಸರು ಒಳಗೆ. ಕೆಲವು ಸಾವಿರ ಕಿಲೋಮೀಟರಿಗೆ ಸ್ಟೇರಿಂಗ್ ತಿರುಗಿಸುವಾಗಲೆಲ್ಲ ಟಕ್ ಟಕ್ ಶಬ್ದ. 2023ರಲ್ಲಿ ನಮ್ಮಲ್ಲಿಗೆ ಬಂದ ಜಿಮ್ನಿಗೆ ಎರಡೂ ಕಡೆ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಅದರ ಪ್ರೊಪೆಲ್ಲರ್ ಶಾಫ್ಟುಗಳ ಲೆಕ್ಕ ಜಿಪ್ಸಿಯದೇ. ಅಮೆರಿಕದಲ್ಲಿರುವ ಕನ್ನಡದ ಗೆಳೆಯರಲ್ಲಿ ಜೀಪ್ ರ‍್ಯಾಂಗ್ಲರ್ ಇಟ್ಟುಕೊಂಡವರಿದ್ದಾರೆ. 2007ರಿಂದ 2018ರವರೆಗಿನ ಜೆಕೆ ಮಾದರಿಯ ಮುಂದಿನ ಪ್ರೊಪೆಲ್ಲರ್ ಶಾಫ್ಟಿನಲ್ಲೂ ಇಂಥ ರಬ್ಬರ್ ಚೀಲದ ಕೂಡಿಕೆ ಇದೆ. ಎತ್ತಿಸಿದವರು ಮೊದಲು ನೋಡಬೇಕಾದ ಜಾಗ ಅದು.

ಇಷ್ಟೆಲ್ಲ ಆದ ಮೇಲೆ ಮೂಲ ಪ್ರಶ್ನೆಗೆ ಬರಬೇಕು. ಎತ್ತುವುದು ಏತಕ್ಕೆ? ಮಳೆ ನೀರಿಗೆ. ಸ್ಪ್ರಿಂಗ್ ಎತ್ತರಿಸಿದರೆ ಏರುವುದು ಚಾಸಿ ಮತ್ತು ಬಾಡಿ. ಡಿಫರೆನ್ಷಿಯಲ್ಲಿನ ಗೋಳ ಇದ್ದಲ್ಲೇ ಇರುತ್ತದೆ, ಅದು ಏರಬೇಕಾದರೆ ದೊಡ್ಡ ಟೈರೇ ಬೇಕು. ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಎರಡು ಇಂಚು ಮೇಲೆ ಹೋಗಬಹುದು. ಪುರಸೈವಾಕ್ಕಂನ ಬೀದಿಯಲ್ಲಿ ನೀರು ಮೊಣಕಾಲಿನಿಂದ ತೊಡೆಗೆ ಏರುವಾಗ ಎರಡು ಇಂಚು ಎಂದರೆ ಸ್ವಲ್ಪ ಹೊತ್ತಿನ ಮಾತು. ಪೆರಂಬೂರಿನ ಕಡೆಯ ಗಣೇಶಪುರಂ ಸಬ್‌ವೇ ತುಂಬಿದಾಗ ಎಷ್ಟು ಇಂಚು ಎತ್ತಿದ ಗಾಡಿಯೂ ಅಲ್ಲಿ ಇಳಿಯಬಾರದು. ನೀರಿನ ಕೆಳಗೆ ತೆರೆದ ಮ್ಯಾನ್‌ಹೋಲ್ ಇದೆಯೋ ಏನೋ ಯಾರಿಗೆ ಗೊತ್ತು? 2024ರ ಅಕ್ಟೋಬರಿನಲ್ಲಿ ಭಾರೀ ಮಳೆಯ ಮುನ್ಸೂಚನೆ ಬಂದಾಗ ವೇಳಚ್ಚೇರಿಯ ಜನ ಕಾರುಗಳನ್ನು ಫ್ಲೈಓವರಿನ ಮೇಲೆ ಸಾಲಾಗಿ ನಿಲ್ಲಿಸಿದ್ದು ಟಿವಿಯಲ್ಲೆಲ್ಲ ಬಂತು. ನಕ್ಕವರು ನಕ್ಕರು. ನನಗೆ ಅದು ಬಹಳ ಬುದ್ಧಿವಂತಿಕೆಯ ಲಿಫ್ಟ್ ಕಿಟ್ ಅನ್ನಿಸಿತು. ಕಾರು ಇಡಿಯಾಗಿ ಮೇಲೆ, ಶಾಫ್ಟು ಕೋನ ಎಲ್ಲ ಇದ್ದಂತೆಯೇ.

ಕಾನೂನನ್ನೂ ಬಿಡುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಎತ್ತಿಸಿ ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಒಂದು ಕಾರಣ ಕೈಯಲ್ಲಿ ಕೊಟ್ಟಂತೆ.

ಆಗ ಮೇಸ್ತ್ರಿ ಟೇಪು ಹಿಡಿದು ಗಾಡಿಯ ನಾಲ್ಕು ಮೂಲೆಯ ಎತ್ತರ ಅಳೆದರು. ಬಲಗಡೆಯ ಹಿಂಭಾಗ ಎಡಕ್ಕಿಂತ ತಗ್ಗು. ವರ್ಷಗಟ್ಟಲೆ ಕಾಫಿ ಮೂಟೆ, ಗೊಬ್ಬರ, ಕೂಲಿಯವರನ್ನು ಹೊತ್ತು ಬ್ಲೇಡುಗಳ ಬಾಗು ಕಳೆದುಹೋಗಿ ಹೆಚ್ಚುಕಡಿಮೆ ಪಟ್ಟಿಯಂತೆ ನೆಟ್ಟಗಾಗಿದ್ದವು. "ಮೊದಲು ಇರಬೇಕಾದ ಎತ್ತರಕ್ಕೆ ತನ್ನಿ ಸಾರ್, ಆಮೇಲೆ ಅದಕ್ಕಿಂತ ಮೇಲಿನ ಮಾತು" ಎಂದರು. ಬ್ಲೇಡು ಸೆಟ್ಟುಗಳನ್ನು ಬಿಚ್ಚಿ ಕಮ್ಮಾರಿಕೆಯವರ ಹತ್ತಿರ ಬಾಗು ಕೊಡಿಸಿ, ಬಿರುಕು ಬಿಟ್ಟಿದ್ದ ಎರಡನ್ನು ಬದಲಾಯಿಸಿ, ಹೊಸ ಬುಷ್ ಹಾಕಿ ಕೂರಿಸಿದರು. ಗಾಡಿ ಹಿಂದೆ ಒಂದೂಕಾಲು ಇಂಚು, ಮುಂದೆ ಮುಕ್ಕಾಲು ಇಂಚು ಎದ್ದು ನಿಂತಿತು. ಲಿಫ್ಟ್ ಕಿಟ್ ಇಲ್ಲ, ಕಾನೂನಿನ ಭಯವಿಲ್ಲ, ಶಾಫ್ಟಿನ ಕೋನ ಕಂಪನಿಯವರು ಯೋಚಿಸಿದ ಜಾಗಕ್ಕೇ ಮರಳಿ ಬಂತು.

ಜೊತೆಗೆ ಇನ್ನೊಂದಿಷ್ಟು ಕೆಲಸ. ಸಡಿಲವಾಗಿದ್ದ ಎರಡು ಕ್ರಾಸ್ ಬದಲಾಯಿತು. ಶಾಫ್ಟ್ ಬಿಚ್ಚುವ ಮೊದಲು ಜಾರುವ ಕೂಡಿಕೆಯ ಎರಡು ಭಾಗಕ್ಕೂ ಸುಣ್ಣದ ಬಣ್ಣದಲ್ಲಿ ಒಂದೊಂದು ಗೆರೆ ಎಳೆದರು, ಮರಳಿ ಹಾಕುವಾಗ ಒಂದು ಹಲ್ಲು ಕೂಡ ಆಚೀಚೆ ಆಗಬಾರದೆಂದು. ಆಕ್ಸಲ್ ಉಸಿರಾಡುವ ಸಣ್ಣ ನಳಿಕೆಗೆ ರಬ್ಬರ್ ಪೈಪು ಸೇರಿಸಿ ಬಾನೆಟ್ಟಿನ ಒಳಗೆ ಮೇಲಕ್ಕೆ ತಂದು ಕಟ್ಟಿದರು. ಬಿಸಿಯಾದ ಆಕ್ಸಲ್ ಫಕ್ಕನೆ ನೀರಿಗಿಳಿದು ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ, ಡಿಫರೆನ್ಷಿಯಲ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗುತ್ತದೆ. ಮಳೆನೀರಿಗೆ ಎರಡು ಇಂಚಿನ ಲಿಫ್ಟಿಗಿಂತ ಈ ಎರಡು ಮೀಟರು ಪೈಪು ಹೆಚ್ಚು ಉಪಯೋಗಿ.

ಆದರೂ ಎತ್ತಿಸಲೇಬೇಕು, ಎತ್ತಿಸಲು ಅವಕಾಶವಿರುವ ದೇಶದಲ್ಲಿ ಇದ್ದೇವೆ ಎನ್ನುವ ಓದುಗರಿದ್ದರೆ, ಗುಂಡಿಯೊಳಗೆ ನಿಂತು ಕಲಿತದ್ದನ್ನು ಚುಟುಕಾಗಿ ಹೇಳುತ್ತೇನೆ. ಮೊದಲು ಈಗಿನ ಎತ್ತರ ಅಳೆಯಿರಿ, ಕುಗ್ಗಿದ್ದರೆ ಅದನ್ನು ಸರಿಪಡಿಸಿ. ಮೊಬೈಲಿನ ಕೋನ ಅಳೆಯುವ ಆ್ಯಪ್ ತೆರೆದು ಟ್ರಾನ್ಸ್‌ಫರ್ ಕೇಸಿನ ಮೂತಿ, ಶಾಫ್ಟು, ಪಿನಿಯನ್ ಮೂತಿ ಮೂರರ ಕೋನವನ್ನೂ ಕೆಲಸದ ಮೊದಲು, ಆಮೇಲೆ ಬರೆದಿಟ್ಟುಕೊಳ್ಳಿ. ಎರಡು ತುದಿಯ ವ್ಯತ್ಯಾಸ ಒಂದು ಡಿಗ್ರಿಯೊಳಗೆ ಇರಲಿ. ಚಾಸಿಗೆ ಆಧಾರ ಕೊಟ್ಟು ಆಕ್ಸಲನ್ನು ಪೂರ್ತಿ ಜೋತುಬಿಟ್ಟು ಜಾರುವ ಕೂಡಿಕೆಯಲ್ಲಿ ಎಷ್ಟು ಹಿಡಿತ ಉಳಿದಿದೆ ನೋಡಿ, ಹಾಗೆಯೇ ಶಾಫ್ಟನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಎಲ್ಲಾದರೂ ಕಚ್ಚುತ್ತದೆಯೇ ಪರೀಕ್ಷಿಸಿ. ಅದೇ ಹೊತ್ತಿಗೆ ಬ್ರೇಕಿನ ರಬ್ಬರ್ ಪೈಪು, ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿಯಾಗಿ ಎಳೆದುಕೊಂಡಿವೆಯೇ ನೋಡಿ. ಎತ್ತಿದ್ದಕ್ಕೂ ಎತ್ತದ್ದಕ್ಕೂ ನಡುವೆ ಹಾದುಹೋಗುವ ಪ್ರತಿಯೊಂದನ್ನೂ ಹುಡುಕಿ ಪಟ್ಟಿ ಮಾಡಿದರೆ ಅರ್ಧ ಕೆಲಸ ಆದಂತೆ. ನಾಲ್ಕು ಇಂಚಿನ ಕಿಟ್ಟಿನ ಬೆಲೆ ಹೇಳುವ ಅಂಗಡಿಯವರು ಈ ಪಟ್ಟಿಯ ಬೆಲೆ ಹೇಳುವುದಿಲ್ಲ.

ಕೆಲಸ ಮುಗಿದ ದಿನ ಸಂಜೆ ಹೈರೋಡಿನಲ್ಲಿ ಮೆಟ್ರೋ ಬೇಲಿಗಳ ನಡುವೆ ಜಿಪ್ಸಿ ಓಡಿಸಿಕೊಂಡು ಬರುವಾಗ ಹಳೆಯ ಗುಂಯ್ ಸದ್ದೂ ಹೋಗಿತ್ತು. ಅದು ಸವೆದ ಕ್ರಾಸಿನ ಸದ್ದು, ನಾವು ಇಷ್ಟು ವರ್ಷ ಅದನ್ನು ಗಾಡಿಯ ಸ್ವಭಾವ ಎಂದುಕೊಂಡಿದ್ದೆವು. ಅಪ್ಪನಿಗೆ ಫೋನ್ ಮಾಡಿ ಎತ್ತಿಸಲಿಲ್ಲ, ಬ್ಲೇಡು ರಿಪೇರಿ ಮಾಡಿಸಿದೆ ಎಂದೆ. ಒಂದೂಕಾಲು ಇಂಚು ಎದ್ದಿತು ಎಂದದ್ದಕ್ಕೆ, "ಅಷ್ಟು ನಾನೇ ಕಾಫಿ ಮೂಟೆ ಹಾಕಿ ಇಳಿಸಿದ್ದು ಬಿಡು" ಎಂದು ನಕ್ಕರು. ಡಿಸೆಂಬರಿನಲ್ಲಿ ಕಾಫಿ ಕುಯ್ಲಿಗೆ ಹೋಗುವುದಿದೆ. ಮೇಸ್ತ್ರಿ ಹೊರಡುವ ಮೊದಲು ಒಮ್ಮೆ ತಂದು ಕ್ರಾಸುಗಳಿಗೆ ಗ್ರೀಸು ಹೊಡೆಸಿಕೊಂಡು ಹೋಗಿ ಎಂದಿದ್ದಾರೆ.